ವಿಜ್ಞಾನದ ಜಗಲಿ: ಬಾಣದ ಗುರುತಿನ ಹಿಂದಿರುವ ಕಾರಣ

ಪ್ರೌಢಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಆವರ್ತಕ ಕೋಷ್ಟಕದ ಹಾಳೆಯೊಂದು ಗೋಡೆಯ ಮೇಲೆ ಕಾಣಸಿಗುವುದುಂಟು. ಅದರ ಮೇಲಂಚಿನಲ್ಲಿ ಎಡದಿಂದ ಬಲಕ್ಕೆ ಒಂದು ಬಾಣ; ಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಇನ್ನೊಂದು ಬಾಣ. ಮೊದಲನೆಯದರ ಮೇಲೆ ‘ವಿದ್ಯುದೃಣತೆ ಹೆಚ್ಚುತ್ತದೆ’ ಎಂದೂ ಎರಡನೆಯದರ ಮೇಲೆ ‘ವಿದ್ಯುದೃಣತೆ ಕಡಿಮೆಯಾಗುತ್ತದೆ’ ಎಂದೂ ಬರೆದಿರುತ್ತದೆ. ಮಕ್ಕಳು ಈ ಎರಡು ವಾಕ್ಯಗಳನ್ನು ಕಂಠಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಂಕವನ್ನೂ ಪಡೆಯುತ್ತಾರೆ.

ಕೆಲವು ದಿನಗಳ ಹಿಂದೆ ಒಬ್ಬ ತಾಯಿ ಈ ಬಾಣಗಳ ವಿಷಯವನ್ನೇ ಎತ್ತಿದರು. “ಮಾಷ್ಟ್ರೇ, ಮಗಳು ಬಾಣವನ್ನು ಸರಿಯಾಗಿ ಹಾಕುತ್ತಾಳೆ. ಯಾಕೆ ಹಾಗೆ ಅಂತ ಕೇಳಿದರೆ ಪುಸ್ತಕದಲ್ಲಿ ಹಾಗೆಯೇ ಉಂಟು ಅನ್ನುತ್ತಾಳೆ. ಇನ್ನು ಪ್ಲಸ್ ವನ್‌ಗೆ ಹೋದರೆ ಎಲ್ಲವೂ ಇಂಗ್ಲಿಷಿನಲ್ಲಿ. ಇವಳನ್ನು ಮೊದಲೇ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಬೇಕಿತ್ತೋ ಏನೋ” ಎಂದರು.

ಇದು ಒಬ್ಬ ತಾಯಿಯ ಆತಂಕವಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮನೆಗಳಲ್ಲಿ ಹತ್ತನೆಯ ತರಗತಿ ಹತ್ತಿರವಾದಂತೆ ಕೇಳಿಬರುವ ಮಾತು ಇದೇ. ಆದರೆ ಆ ತಾಯಿ ಒಂದೇ ಉಸಿರಿನಲ್ಲಿ ಹೇಳಿದ್ದು ಎರಡು ಬೇರೆ ಸಂಗತಿಗಳನ್ನು. ಮಗಳಿಗೆ ಕಾರಣ ತಿಳಿದಿಲ್ಲ ಎಂಬುದು ಒಂದು. ಭಾಷೆ ಬದಲಾಗಲಿದೆ ಎಂಬುದು ಇನ್ನೊಂದು. ಮೊದಲನೆಯದನ್ನು ಸರಿಪಡಿಸಿದರೆ ಎರಡನೆಯದು ಎಷ್ಟು ಹಗುರವಾಗುತ್ತದೆ ಎಂಬುದನ್ನು ಈ ವಾರ ಆ ಎರಡು ಬಾಣಗಳನ್ನೇ ಹಿಡಿದು ನೋಡೋಣ.

ಮೊದಲು ಪದವನ್ನು ಬಿಡಿಸಿಕೊಳ್ಳೋಣ. ವಿದ್ಯುತ್ ಮತ್ತು ಋಣ ಸೇರಿ ವಿದ್ಯುದೃಣ. ತಕಾರ ಹೋಗಿ ದಕಾರ ಬಂದಿರುವುದರಿಂದ ಇದು ಜಶ್ತ್ವ ಸಂಧಿ ಎಂದು ವ್ಯಾಕರಣದ ತರಗತಿಯಲ್ಲಿ ಕುಳಿತ ಮಕ್ಕಳೇ ಹೇಳಬಲ್ಲರು. ಪುಸ್ತಕದಿಂದ ಪುಸ್ತಕಕ್ಕೆ ರೂಪ ಕೊಂಚ ಬದಲಾಗಬಹುದು. ವಿದ್ಯುದೃಣತೆ ಎಂದೋ ವಿದ್ಯುದೃಣೀಯತೆ ಎಂದೋ ಇರಬಹುದು. ಇಂಗ್ಲಿಷಿನಲ್ಲಿ ಇದೇ ಎಲೆಕ್ಟ್ರೋನೆಗೆಟಿವಿಟಿ. ಋಣವೆಂದರೆ ಸಾಲ ಎಂಬುದು ನಮಗೆ ಮನೆಮಾತಿನಿಂದಲೇ ಗೊತ್ತು. ಆದ್ದರಿಂದ ಎಲೆಕ್ಟ್ರಾನನ್ನು ತನ್ನತ್ತ ಎಳೆದುಕೊಂಡು ‘ಗಳಿಸಿದ’ ಪರಮಾಣುವನ್ನು ಋಣ ಎಂದೇಕೆ ಕರೆಯಬೇಕು, ಧನ ಎನ್ನಬೇಕಲ್ಲವೇ ಎಂಬ ಗೊಂದಲ ಮಕ್ಕಳಿಗೆ ಬರುವುದು ಸಹಜ. ಗೊಂದಲದ ಮೂಲ ಇಷ್ಟೇ: ಎಲೆಕ್ಟ್ರಾನಿನ ಮೇಲಿರುವ ವಿದ್ಯುದಂಶವನ್ನೇ ಋಣ ಎಂದು ಹೆಸರಿಸಲಾಗಿದೆ. ಸಾಲದ ಹಣ ಯಾರ ಕೈಸೇರುತ್ತದೆಯೋ ಅವರ ಲೆಕ್ಕದಲ್ಲಿ ಋಣ ಕಾಣಿಸಿಕೊಳ್ಳುವಂತೆ, ಎಲೆಕ್ಟ್ರಾನನ್ನು ಎಳೆದುಕೊಂಡ ಪರಮಾಣುವಿನತ್ತ ಋಣಾಂಶ ಸರಿಯುತ್ತದೆ. ಹೀಗೆ ಸರಿಸಿಕೊಳ್ಳುವ ಸಾಮರ್ಥ್ಯವೇ ವಿದ್ಯುದೃಣತೆ.

ಈ ಪದವನ್ನು ರಸಾಯನಶಾಸ್ತ್ರಕ್ಕೆ ತಂದವನು ಸ್ವೀಡನ್ನಿನ ಬರ್ಜೀಲಿಯಸ್, ಕಾಲ 1811. ಪರಮಾಣುವಿನೊಳಗೆ ಎಲೆಕ್ಟ್ರಾನ್ ಇದೆಯೆಂಬುದು ಗೊತ್ತಾದುದು ಅದಕ್ಕೆ ಸುಮಾರು 85 ವರ್ಷಗಳ ಅನಂತರ, 1897ರಲ್ಲಿ. ಕಾರಣ ತಿಳಿಯುವ ಮೊದಲೇ ಕ್ರಮವನ್ನು ಕಂಡವನು ಬರ್ಜೀಲಿಯಸ್. ಇಂದಿನ ಮಕ್ಕಳ ಸ್ಥಿತಿ ಅದಕ್ಕಿಂತ ಉತ್ತಮ. ಕಾರಣವೂ ಅವರ ಪುಸ್ತಕದಲ್ಲೇ ಇದೆ, ಆದರೆ ಬೇರೆ ಬೇರೆ ಪುಟಗಳಲ್ಲಿ ಹಂಚಿಹೋಗಿದೆ.

ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಬಂಧ ಕಟ್ಟಿಕೊಂಡಿವೆ ಎಂದಿಟ್ಟುಕೊಳ್ಳಿ. ಇದನ್ನು ಹಗ್ಗಜಗ್ಗಾಟಕ್ಕೆ ಹೋಲಿಸಬಹುದು. ಹೈಡ್ರೋಜನ್ ಅಣುವಿನಲ್ಲಿ ಎರಡೂ ಕಡೆ ಹೈಡ್ರೋಜನ್ನೇ. ಬಲ ಸಮಸಮ, ಹಗ್ಗದ ಗಂಟು ನಟ್ಟನಡುವೆ ನಿಲ್ಲುತ್ತದೆ. ಹೈಡ್ರೋಜನ್ ಕ್ಲೋರೈಡಿನಲ್ಲಿ ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಕ್ಲೋರಿನ್. ಗಂಟು ಕ್ಲೋರಿನ್ನಿನತ್ತ ಸರಿಯುತ್ತದೆ, ಆದರೆ ಹೈಡ್ರೋಜನ್ನಿನ ಕೈ ಪೂರ್ತಿ ಬಿಟ್ಟುಹೋಗುವುದಿಲ್ಲ. ಸೋಡಿಯಂ ಕ್ಲೋರೈಡ್, ಎಂದರೆ ನಮ್ಮ ಅಡುಗೆಯ ಉಪ್ಪಿನಲ್ಲಿ ಆಟವೇ ಮುಗಿದುಹೋಗಿದೆ. ಎಲೆಕ್ಟ್ರಾನ್ ಬಹುಪಾಲು ಕ್ಲೋರಿನ್ನಿನ ವಶವಾಗಿದೆ. ಇಲ್ಲಿ ಒಂದು ಮಾತನ್ನು ಮರೆಯಬಾರದು. ವಿದ್ಯುದೃಣತೆ ಎಂಬುದು ಬಂಧದಲ್ಲಿರುವ ಪರಮಾಣುವಿನ ಗುಣ. ಹಗ್ಗದ ಇನ್ನೊಂದು ತುದಿಯಲ್ಲಿ ಯಾರೂ ಇಲ್ಲದಿದ್ದರೆ ಜಗ್ಗಾಟವೂ ಇಲ್ಲ.

ಈಗ ಮೊದಲನೆಯ ಬಾಣಕ್ಕೆ ಬರೋಣ. ಎರಡನೆಯ ಆವರ್ತದ ಬೆಲೆಗಳು ಹೀಗಿವೆ: ಲಿಥಿಯಂ 0.98, ಬೆರಿಲಿಯಂ 1.57, ಬೋರಾನ್ 2.04, ಕಾರ್ಬನ್ 2.55, ನೈಟ್ರೋಜನ್ 3.04, ಆಕ್ಸಿಜನ್ 3.44, ಫ್ಲೋರಿನ್ 3.98. ಪ್ರತಿ ಹೆಜ್ಜೆಗೂ ಸುಮಾರು ಅರ್ಧದಷ್ಟು ಏರಿಕೆ. ಏಕೆ?

ಲಿಥಿಯಂ ಪರಮಾಣುವಿನ ನ್ಯೂಕ್ಲಿಯಸ್ಸಿನಲ್ಲಿ 3 ಪ್ರೋಟಾನುಗಳು, ಫ್ಲೋರಿನ್ನಿನಲ್ಲಿ 9. ಎಳೆಯುವುದು ಈ ಪ್ರೋಟಾನುಗಳೇ. ಆದರೆ ಹೊರಗಿನ ಎಲೆಕ್ಟ್ರಾನಿಗೆ ಆ ಎಳೆತ ಪೂರ್ತಿಯಾಗಿ ತಲುಪುವುದಿಲ್ಲ. ನಡುವೆ ಒಳಗಿನ ಕವಚದ ಎಲೆಕ್ಟ್ರಾನುಗಳು ಅಡ್ಡ ನಿಂತಿರುತ್ತವೆ. ಬಯಲಾಟದ ರಂಗಸ್ಥಳದ ಮುಂದೆ ಕುಳಿತವರ ತಲೆಗಳು ಹಿಂದಿನವರಿಗೆ ವೇಷವನ್ನು ಮರೆಮಾಡುವಂತೆ, ಒಳಕವಚದ ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ಸಿನ ಎಳೆತವನ್ನು ಹೊರಗಿನವರಿಂದ ಮರೆಮಾಡುತ್ತವೆ. ಲಿಥಿಯಮ್ಮಿನಿಂದ ಫ್ಲೋರಿನ್‌ವರೆಗೆ ಈ ಒಳಕವಚದಲ್ಲಿರುವುದು ಯಾವಾಗಲೂ 2 ಎಲೆಕ್ಟ್ರಾನುಗಳು ಮಾತ್ರ. ಮುಂದೆ ಕುಳಿತವರ ಸಾಲು ಬೆಳೆಯಲಿಲ್ಲ. ರಂಗಸ್ಥಳದ ದೀಪ ಮಾತ್ರ ಪ್ರಖರವಾಗುತ್ತ ಹೋಯಿತು.

ಒಂದು ಒರಟು ಲೆಕ್ಕ ಹಾಕಬಹುದು. ಲಿಥಿಯಮ್ಮಿನಲ್ಲಿ 3ರಿಂದ 2 ಕಳೆದರೆ 1. ಕಾರ್ಬನ್ನಿನಲ್ಲಿ 6ರಿಂದ 2 ಕಳೆದರೆ 4. ಫ್ಲೋರಿನ್ನಿನಲ್ಲಿ 9ರಿಂದ 2 ಕಳೆದರೆ 7. ಒಂದೇ ಕವಚದಲ್ಲಿರುವ ಎಲೆಕ್ಟ್ರಾನುಗಳೂ ಒಂದಕ್ಕೊಂದು ಅಲ್ಪಸ್ವಲ್ಪ ಅಡ್ಡ ಬರುತ್ತವೆಯಾದ್ದರಿಂದ ಇದು ನಿಖರವಾದ ಲೆಕ್ಕವಲ್ಲ. ಆದರೂ ದಿಕ್ಕನ್ನು ಸರಿಯಾಗಿ ತೋರಿಸುತ್ತದೆ. ಎಳೆತ ಹೆಚ್ಚಿದಂತೆ ಪರಮಾಣು ಕುಗ್ಗುತ್ತದೆ; ಕುಗ್ಗಿದಂತೆ ಹಂಚಿಕೊಂಡ ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ಸಿಗೆ ಇನ್ನಷ್ಟು ಹತ್ತಿರವಾಗುತ್ತವೆ; ಹತ್ತಿರವಾದಂತೆ ಎಳೆತ ಮತ್ತೆ ಹೆಚ್ಚುತ್ತದೆ. ಎಡದಿಂದ ಬಲಕ್ಕೆ ಹೋಗುವ ಬಾಣದ ಹಿಂದಿರುವ ಕಾರಣ ಇದು.

ಎರಡನೆಯ ಬಾಣಕ್ಕೂ ಇದೇ ಲೆಕ್ಕವನ್ನು ಹೂಡೋಣ. ಫ್ಲೋರಿನ್ನಿನ ಗುಂಪಿನಲ್ಲಿ ಕೆಳಗಿಳಿದರೆ ಕ್ಲೋರಿನ್, ಬ್ರೋಮಿನ್, ಅಯೋಡಿನ್. ಎಲೆಕ್ಟ್ರಾನ್ ವಿನ್ಯಾಸಗಳು ಕ್ರಮವಾಗಿ 2, 7. 2, 8, 7. 2, 8, 18, 7. ಮತ್ತು 2, 8, 18, 18, 7. ಕ್ಲೋರಿನ್ನಿನ 17 ಪ್ರೋಟಾನುಗಳಿಂದ ಒಳಗಿನ 10 ಎಲೆಕ್ಟ್ರಾನುಗಳನ್ನು ಕಳೆದರೆ 7. ಅಯೋಡಿನ್ನಿನ 53ರಿಂದ 46 ಕಳೆದರೂ 7. ನಮ್ಮ ಒರಟು ಲೆಕ್ಕದಲ್ಲಿ ಉತ್ತರ ಎಲ್ಲ ಕಡೆಯೂ ಒಂದೇ. ಹಾಗಿದ್ದರೆ ಬೆಲೆಗಳೂ ಸಮನಾಗಿರಬೇಕಿತ್ತು. ಆದರೆ ಫ್ಲೋರಿನ್ 3.98 ಇದ್ದರೆ ಕ್ಲೋರಿನ್ 3.16, ಬ್ರೋಮಿನ್ 2.96, ಅಯೋಡಿನ್ 2.66.

ಉತ್ತರ ದೂರದಲ್ಲಿದೆ. ಫ್ಲೋರಿನ್ನಿನ ಹೊರ ಎಲೆಕ್ಟ್ರಾನುಗಳು ಎರಡನೆಯ ಕವಚದಲ್ಲಿದ್ದರೆ ಅಯೋಡಿನ್ನಿನವು ಐದನೆಯ ಕವಚದಲ್ಲಿವೆ. ವಿದ್ಯುದಂಶಗಳ ನಡುವಿನ ಬಲವು ದೂರದ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ ಎಂಬುದು ಕೂಲಂಬನ ನಿಯಮ. ದೂರ ಇಮ್ಮಡಿಯಾದರೆ ಬಲ ನಾಲ್ಕನೆಯ ಒಂದಂಶಕ್ಕೆ ಇಳಿಯುತ್ತದೆ. ಅದೇ 7ರ ಎಳೆತ, ಆದರೆ ದೂರದಿಂದ. ಮೊದಲನೆಯ ಗುಂಪಿನಲ್ಲಿಯೂ ಹೀಗೆಯೇ: ಲಿಥಿಯಂ 0.98, ಸೋಡಿಯಂ 0.93, ಪೊಟ್ಯಾಸಿಯಂ 0.82, ಸೀಸಿಯಂ 0.79.

ಎರಡೂ ಬಾಣಗಳ ಕಾರಣವನ್ನು ಈಗ ಒಂದೇ ವಾಕ್ಯದಲ್ಲಿ ಹೇಳಬಹುದು: ನ್ಯೂಕ್ಲಿಯಸ್ಸಿನ ಎಳೆತ ಎಷ್ಟು, ಅದನ್ನು ಮರೆಮಾಡುವವರು ಎಷ್ಟು, ನಡುವಿನ ದೂರ ಎಷ್ಟು. ಈ ಮೂರು ಪ್ರಶ್ನೆಗಳನ್ನು ಕೇಳಬಲ್ಲ ಮಗುವಿಗೆ ಬಾಣದ ಚಿತ್ರ ಮರೆತುಹೋದರೂ ನಷ್ಟವಿಲ್ಲ; ಅದು ತಾನೇ ಬಾಣವನ್ನು ಎಳೆದುಕೊಳ್ಳಬಲ್ಲುದು.

ಇಷ್ಟು ತಿಳಿದ ಮೇಲೆ ಚುರುಕಾದ ಮಕ್ಕಳು ಕೇಳುವ ಮುಂದಿನ ಪ್ರಶ್ನೆ: 3.98 ಎಂದರೆ ಏನು? ಗ್ರಾಮೇ, ಮೀಟರೇ? ಯಾರು, ಯಾವ ತಕ್ಕಡಿಯಲ್ಲಿ ತೂಗಿದರು?

ತೂಗಿದವರು ಅಮೆರಿಕದ ಲೈನಸ್ ಪೌಲಿಂಗ್. 1932ರಲ್ಲಿ, ತಮ್ಮ 31ನೆಯ ವಯಸ್ಸಿನಲ್ಲಿ, ಅವರು ಈ ಮಾಪಕವನ್ನು ಪ್ರಕಟಿಸಿದರು. ಮುಂದೆ 1954ರಲ್ಲಿ ರಸಾಯನಶಾಸ್ತ್ರಕ್ಕೂ, 1962ರ ಸಾಲಿನಲ್ಲಿ ಶಾಂತಿಗೂ ನೊಬೆಲ್ ಪ್ರಶಸ್ತಿ ಪಡೆದವರು ಇವರೇ. ಅವರ ತಕ್ಕಡಿ ಬಂಧಶಕ್ತಿ, ಎಂದರೆ ಒಂದು ಬಂಧವನ್ನು ಮುರಿಯಲು ಬೇಕಾಗುವ ಶಕ್ತಿ.

ಅವರ ಆಲೋಚನೆ ಸರಳವಾಗಿತ್ತು. ಎರಡು ಬೇರೆ ಪರಮಾಣುಗಳ ನಡುವಿನ ಬಂಧದಲ್ಲಿ ಹಂಚಿಕೆ ಸಮಸಮವಾಗಿದ್ದರೆ, ಅದನ್ನು ಮುರಿಯಲು ಬೇಕಾದ ಶಕ್ತಿ ಆಯಾ ಪರಮಾಣುಗಳ ಸ್ವಂತ ಬಂಧಗಳ ಸರಾಸರಿಯಷ್ಟೇ ಇರಬೇಕು. ಹಂಚಿಕೆ ಅಸಮವಾಗಿದ್ದರೆ ಒಂದು ತುದಿ ಕೊಂಚ ಋಣ, ಇನ್ನೊಂದು ತುದಿ ಕೊಂಚ ಧನವಾಗಿ, ಅವು ಪರಸ್ಪರ ಆಕರ್ಷಿಸುವುದರಿಂದ ಬಂಧ ಇನ್ನಷ್ಟು ಗಟ್ಟಿಯಾಗಬೇಕು. ಆ ಹೆಚ್ಚುವರಿ ಗಟ್ಟಿತನವೇ ಅಸಮತೆಯ ಅಳತೆ.

ಇದನ್ನು ಮನೆಯಲ್ಲೇ ಲೆಕ್ಕ ಹಾಕಿ ನೋಡಬಹುದು. ಹೈಡ್ರೋಜನ್–ಹೈಡ್ರೋಜನ್ ಬಂಧದ ಶಕ್ತಿ ಪ್ರತಿ ಮೋಲ್‌ಗೆ ಸುಮಾರು 436 ಕಿಲೋಜೌಲ್, ಕ್ಲೋರಿನ್–ಕ್ಲೋರಿನ್ 242. ಇವೆರಡರ ಸರಾಸರಿ 339. ಆದರೆ ಹೈಡ್ರೋಜನ್–ಕ್ಲೋರಿನ್ ಬಂಧವನ್ನು ಮುರಿಯಲು ನಿಜವಾಗಿ ಬೇಕಾಗುವುದು 431. ಹೆಚ್ಚುವರಿ 92. ಪೌಲಿಂಗರ ಸೂತ್ರದಂತೆ ಈ ಹೆಚ್ಚುವರಿಯನ್ನು 96.5ರಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು. 92ನ್ನು 96.5ರಿಂದ ಭಾಗಿಸಿದರೆ 0.95, ಅದರ ವರ್ಗಮೂಲ ಸುಮಾರು 0.98. ಈಗ ಕೋಷ್ಟಕವನ್ನು ನೋಡಿ: ಕ್ಲೋರಿನ್ 3.16, ಹೈಡ್ರೋಜನ್ 2.20, ವ್ಯತ್ಯಾಸ 0.96. ಎರಡು ಸಂಖ್ಯೆಗಳು ಎಷ್ಟು ಸಮೀಪ ಬಂದಿವೆ ಎಂಬುದನ್ನು ಗಮನಿಸಿ.

ಈ ಲೆಕ್ಕದಿಂದ ದೊರೆಯುವುದು ವ್ಯತ್ಯಾಸ ಮಾತ್ರ. ಮನೆಯ ಎತ್ತರವನ್ನು ಅಂಗಳದಿಂದ ಅಳೆಯಬೇಕೋ ರಸ್ತೆಯಿಂದ ಅಳೆಯಬೇಕೋ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವಂತೆ, ಇಲ್ಲಿಯೂ ಒಂದು ಧಾತುವಿಗೆ ನಿಶ್ಚಿತ ಬೆಲೆ ಕೊಟ್ಟು ಉಳಿದವನ್ನು ಅದರಿಂದ ಅಳೆಯಬೇಕಾಗುತ್ತದೆ. ಇಂದಿನ ಕೋಷ್ಟಕಗಳಲ್ಲಿ ಆ ಸ್ಥಾನ ಹೈಡ್ರೋಜನ್ನಿನ 2.20ಕ್ಕೆ. ಈ ಮಾಪಕದ ಬೆಲೆಗಳಿಗೆ ಏಕಮಾನವನ್ನು ಬರೆಯುವುದಿಲ್ಲ. ಇವು ಹೋಲಿಕೆಯ ಸಂಖ್ಯೆಗಳು.

ಬಾಣಗಳು ದಾರಿ ತೋರಿಸುತ್ತವೆ, ಆದರೆ ಎಲ್ಲ ತಿರುವುಗಳನ್ನೂ ತೋರಿಸುವುದಿಲ್ಲ. ಪರೀಕ್ಷೆಯಲ್ಲಿ ಎಡವಿಸುವುದೂ ಮುಂದಿನ ತರಗತಿಯಲ್ಲಿ ಆಸಕ್ತಿ ಕೆರಳಿಸುವುದೂ ಈ ತಿರುವುಗಳೇ. ಮೂರನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಗ್ಯಾಲಿಯಮ್ಮಿನದು. 1871ರಲ್ಲಿ ಮೆಂಡಲೀವ್ ತನ್ನ ಕೋಷ್ಟಕದಲ್ಲಿ ಅಲ್ಯೂಮಿನಿಯಂ ಮತ್ತು ಸಿಲಿಕಾನ್‌ಗಳ ಕೆಳಗೆ ಖಾಲಿ ಸ್ಥಳಗಳನ್ನು ಬಿಟ್ಟು, ಅಲ್ಲಿ ಬರಬೇಕಾದ ಧಾತುಗಳಿಗೆ ಏಕ-ಅಲ್ಯೂಮಿನಿಯಂ, ಏಕ-ಸಿಲಿಕಾನ್ ಎಂದು ಹೆಸರಿಟ್ಟ. ಆ ‘ಏಕ’ ನಮ್ಮ ಸಂಸ್ಕೃತದ ಏಕವೇ. 1875ರಲ್ಲಿ ಗ್ಯಾಲಿಯಮ್ಮೂ 1886ರಲ್ಲಿ ಜರ್ಮೇನಿಯಮ್ಮೂ ದೊರೆತು ಆ ಸ್ಥಳಗಳು ತುಂಬಿದವು. ಎರಡನೆಯ ಬಾಣದ ಪ್ರಕಾರ ಇವುಗಳ ವಿದ್ಯುದೃಣತೆ ಮೇಲಿನವುಗಳಿಗಿಂತ ಕಡಿಮೆ ಇರಬೇಕು. ಆದರೆ ಅಲ್ಯೂಮಿನಿಯಂ 1.61, ಗ್ಯಾಲಿಯಂ 1.81, ಸಿಲಿಕಾನ್ 1.90, ಜರ್ಮೇನಿಯಂ 2.01. ಬಾಣ ಇಲ್ಲಿ ಸೋಲುತ್ತದೆ. ಕಾರಣ ಸೋಲುವುದಿಲ್ಲ. ಅಲ್ಯೂಮಿನಿಯಮ್ಮಿಗೂ ಗ್ಯಾಲಿಯಮ್ಮಿಗೂ ನಡುವೆ ಸ್ಕ್ಯಾಂಡಿಯಮ್ಮಿನಿಂದ ಸತುವಿನವರೆಗೆ ಹತ್ತು ಲೋಹಗಳು ಬಂದುಹೋಗಿವೆ. ಹತ್ತು ಪ್ರೋಟಾನುಗಳೂ ಹತ್ತು ಒಳ ಎಲೆಕ್ಟ್ರಾನುಗಳೂ ಸೇರಿವೆ. ಡಿ ಉಪಕವಚಕ್ಕೆ ಸೇರಿದ ಈ ಎಲೆಕ್ಟ್ರಾನುಗಳು ಚದರಿ ಕುಳಿತ ಪ್ರೇಕ್ಷಕರಂತೆ. ಎಳೆತವನ್ನು ಸರಿಯಾಗಿ ಮರೆಮಾಡುವುದಿಲ್ಲ. ಹಾಗಾಗಿ ಹೊರಗಿನ ಎಲೆಕ್ಟ್ರಾನುಗಳಿಗೆ ನಿರೀಕ್ಷೆಗಿಂತ ಹೆಚ್ಚು ಎಳೆತ ತಲುಪುತ್ತದೆ. ಬಾಣವನ್ನಷ್ಟೇ ಕಲಿತವರಿಗೆ ಇದು ಅಪವಾದ. ಮೂರು ಪ್ರಶ್ನೆಗಳನ್ನು ಕಲಿತವರಿಗೆ ಇದು ಎರಡನೆಯ ಪ್ರಶ್ನೆಯ ಉತ್ತರ.

ಎರಡನೆಯದು ಕೋಷ್ಟಕದ ಬಲ ತುದಿಯದು. ಬಾಣ ಹದಿನೆಂಟನೆಯ ಗುಂಪಿನವರೆಗೂ ಹೋಗುವುದಾದರೆ ನಿಯಾನ್ ಎಲ್ಲಕ್ಕಿಂತ ಹೆಚ್ಚಿನ ಬೆಲೆ ಪಡೆಯಬೇಕಿತ್ತಲ್ಲವೇ? ಪೌಲಿಂಗರ ಮಾಪಕದಲ್ಲಿ ಹೀಲಿಯಂ, ನಿಯಾನ್, ಆರ್ಗಾನ್‌ಗಳ ಎದುರು ಬೆಲೆಯೇ ಇಲ್ಲ. ಬಂಧಶಕ್ತಿಯನ್ನು ಅಳೆದು ಮಾಡಿದ ಮಾಪಕವಿದು. ಬಂಧವೇ ಇಲ್ಲದಲ್ಲಿ ಅಳೆಯುವುದೇನನ್ನು? 1962ರಲ್ಲಿ ನೀಲ್ ಬಾರ್ಟ್ಲೆಟ್ ಕ್ಸೆನಾನ್ ಸೇರಿರುವ ಸಂಯುಕ್ತವನ್ನು ತಯಾರಿಸಿ ತೋರಿಸಿದ ಮೇಲೆ ಆ ಧಾತುವಿನ ರಸಾಯನವೇ ತೆರೆದುಕೊಂಡಿತು. ಈಗ ಕ್ಸೆನಾನ್‌ಗೆ 2.6 ಎಂಬ ಬೆಲೆಯಿದೆ. ಜಗ್ಗಾಟಕ್ಕೆ ಇಳಿದ ಮೇಲೆ ಬಲ ಗೊತ್ತಾಯಿತು.

ಮೂರನೆಯದು 1.7ರ ಗಡಿ. ಎರಡು ಧಾತುಗಳ ವಿದ್ಯುದೃಣತೆಯ ವ್ಯತ್ಯಾಸ 1.7 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಯಾನಿಕ ಬಂಧ, ಕಡಿಮೆಯಿದ್ದರೆ ಸಹವೇಲೆನ್ಸಿಯ ಬಂಧ ಎಂದು ಮಕ್ಕಳು ಕಲಿಯುತ್ತಾರೆ. ಸೋಡಿಯಂ–ಕ್ಲೋರಿನ್ ವ್ಯತ್ಯಾಸ 2.23, ಅಯಾನಿಕ, ಸರಿ. ಆದರೆ ಹೈಡ್ರೋಜನ್–ಫ್ಲೋರಿನ್ ವ್ಯತ್ಯಾಸ 1.78. ಗಡಿಯನ್ನು ದಾಟಿದ್ದರೂ ಹೈಡ್ರೋಜನ್ ಫ್ಲೋರೈಡ್ ಉಪ್ಪಿನಂತೆ ಹರಳಾಗಿಲ್ಲ. ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗೆ ಕುದಿದು ಅನಿಲವಾಗುವ ಅಣುಗಳ ರಾಶಿಯದು. ಪ್ರಕೃತಿಯಲ್ಲಿ ಅಯಾನಿಕಕ್ಕೂ ಸಹವೇಲೆನ್ಸಿಯಕ್ಕೂ ನಡುವೆ ಬೇಲಿಯಿಲ್ಲ. ಹಗ್ಗದ ಗಂಟು ನಡುವಿನಿಂದ ತುದಿಯವರೆಗೆ ಎಲ್ಲಿಯಾದರೂ ನಿಲ್ಲಬಹುದು. 1.7 ಎಂಬುದು ಕಲಿಯುವವರ ಅನುಕೂಲಕ್ಕೆ ಎಳೆದ ಗೆರೆ. ಪರೀಕ್ಷೆಯಲ್ಲಿ ಅದನ್ನು ಬಳಸಲಿ. ಆದರೆ ಅದು ಗೆರೆ ಮಾತ್ರವೆಂಬುದು ತಿಳಿದಿರಲಿ.

ಇಷ್ಟೆಲ್ಲ ಸಂಖ್ಯೆಗಳಿಂದ ನಮಗೇನು ಎನ್ನುವವರು ಅಡುಗೆಮನೆಗೆ ಹೋಗಬೇಕು. ನೀರಿನಲ್ಲಿ ಆಕ್ಸಿಜನ್ 3.44, ಹೈಡ್ರೋಜನ್ 2.20, ವ್ಯತ್ಯಾಸ 1.24. ಗಂಟು ಆಕ್ಸಿಜನ್ನಿನತ್ತ ಚೆನ್ನಾಗಿ ಸರಿದಿದೆ. ನೀರಿನ ಅಣು ನೇರವಾಗಿರದೆ 104.5 ಡಿಗ್ರಿಯಲ್ಲಿ ಬಾಗಿರುವುದರಿಂದ ಅದರ ಒಂದು ಬದಿ ಋಣ, ಇನ್ನೊಂದು ಬದಿ ಧನ. ಒಂದು ಅಣುವಿನ ಧನಬದಿ ಮತ್ತೊಂದರ ಋಣಬದಿಯನ್ನು ಹಿಡಿದುಕೊಳ್ಳುತ್ತದೆ. ಈ ಹಿಡಿತಕ್ಕೆ ಹೈಡ್ರೋಜನ್ ಬಂಧವೆಂದು ಹೆಸರು. ಈಗ ಆಕ್ಸಿಜನ್ನಿನ ಕೆಳಗಿರುವ ಗಂಧಕವನ್ನು ನೋಡಿ. ಅದರ ಬೆಲೆ 2.58, ಹೈಡ್ರೋಜನ್ನಿನೊಡನೆ ವ್ಯತ್ಯಾಸ ಬರಿಯ 0.38. ಹೈಡ್ರೋಜನ್ ಸಲ್ಫೈಡಿನ ಅಣುಗಳಲ್ಲಿ ಆ ಹಿಡಿತ ಇಲ್ಲವೆನ್ನುವಷ್ಟು ದುರ್ಬಲ. ಅದರ ಅಣು ನೀರಿನ ಅಣುವಿಗಿಂತ ಭಾರವಾಗಿದ್ದರೂ ಶೂನ್ಯಕ್ಕಿಂತ 60 ಡಿಗ್ರಿ ಕೆಳಗೇ ಕುದಿಯುತ್ತದೆ. ನೀರು ಕುದಿಯಲು 100 ಡಿಗ್ರಿ ಬೇಕು. ಕೋಷ್ಟಕದಲ್ಲಿ ಒಂದೇ ಒಂದು ಮನೆ ಕೆಳಗಿಳಿದದ್ದಕ್ಕೆ 160 ಡಿಗ್ರಿಯ ಅಂತರ. ಆಕ್ಸಿಜನ್ನಿನ ಈ ಎಳೆತ ಇಲ್ಲದಿದ್ದರೆ ನಮ್ಮ ಚಂದ್ರಗಿರಿ ಹೊಳೆಯಲ್ಲಿ ಹರಿಯಲು ನೀರೇ ಇರುತ್ತಿರಲಿಲ್ಲ, ಎಲ್ಲವೂ ಆವಿಯಾಗಿರುತ್ತಿತ್ತು.

ತೆಂಗಿನೆಣ್ಣೆಯನ್ನೂ ನೋಡಿ. ಅದರ ಅಣುವಿನ ಬಹುಭಾಗ ಕಾರ್ಬನ್–ಹೈಡ್ರೋಜನ್‌ಗಳ ಉದ್ದನೆಯ ಸರಪಳಿ. ಕಾರ್ಬನ್ 2.55, ಹೈಡ್ರೋಜನ್ 2.20, ವ್ಯತ್ಯಾಸ 0.35. ಅಲ್ಲಿ ಹೇಳಿಕೊಳ್ಳುವಂಥ ಋಣಬದಿಯೂ ಇಲ್ಲ, ಧನಬದಿಯೂ ಇಲ್ಲ. ತಮ್ಮತಮ್ಮೊಳಗೆ ಕೈಹಿಡಿದು ನಿಂತ ನೀರಿನ ಅಣುಗಳು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎಣ್ಣೆ ಮೇಲೆ ತೇಲುತ್ತದೆ. ಉಪ್ಪು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ತಳದಲ್ಲೇ ಕುಳಿತಿರುತ್ತದೆ. ಸೋಡಿಯಂ ಅಯಾನನ್ನು ಹಿಡಿಯಲು ನೀರಿಗೆ ಋಣಬದಿಯಿದೆ, ಕ್ಲೋರೈಡನ್ನು ಹಿಡಿಯಲು ಧನಬದಿಯಿದೆ. ಎಣ್ಣೆಗೆ ಎರಡೂ ಇಲ್ಲ. ಈ ಪ್ರಯೋಗಕ್ಕೆ ಎರಡು ಲೋಟ ಮತ್ತು ಒಂದು ಚಮಚ ಸಾಕು.

ಮತ್ತೆ ಆ ತಾಯಿಯ ಮಾತಿಗೆ ಬರೋಣ. ಪ್ಲಸ್ ವನ್‌ನಲ್ಲಿ ವಿದ್ಯುದೃಣತೆ ಎಲೆಕ್ಟ್ರೋನೆಗೆಟಿವಿಟಿಯಾಗುತ್ತದೆ, ಕವಚ ಶೆಲ್ ಆಗುತ್ತದೆ, ಮರೆಮಾಡುವುದು ಶೀಲ್ಡಿಂಗ್ ಆಗುತ್ತದೆ, ಆವರ್ತ ಪೀರಿಯಡ್ ಆಗುತ್ತದೆ, ಗುಂಪು ಗ್ರೂಪ್ ಆಗುತ್ತದೆ. ಈ ಪಾಠದ ಮಟ್ಟಿಗೆ ಮುಖ್ಯವಾಗಿ ಬದಲಾಗುವ ಪದಗಳು ಹತ್ತನ್ನು ಮೀರಲಾರವು. ಇಂಗ್ಲಿಷ್ ವಾಕ್ಯಗಳನ್ನು ಓದಿ ಅರ್ಥಮಾಡಿಕೊಳ್ಳುವ ಅಭ್ಯಾಸಕ್ಕೆ ಇನ್ನೂ ಕೆಲವು ತಿಂಗಳು ಬೇಕು. ಅದು ಸುಲಭವೆಂದು ನಾನು ಹೇಳಲಾರೆ. ಮೊದಲ ತಿಂಗಳುಗಳಲ್ಲಿ ಮಕ್ಕಳು ತಬ್ಬಿಬ್ಬಾಗುವುದನ್ನು ಅನೇಕ ಮನೆಗಳು ಕಂಡಿವೆ. ಆದರೆ ಎಳೆತ, ಮರೆ, ದೂರ ಎಂಬ ಮೂರು ಪ್ರಶ್ನೆಗಳು ಯಾವ ಭಾಷೆಯಲ್ಲಿಯೂ ಬದಲಾಗುವುದಿಲ್ಲ. ಕಾರಣ ತಿಳಿದು ಹೋದ ಮಗು ಅಲ್ಲಿ ಹುಡುಕಬೇಕಾದುದು ಪದವನ್ನು ಮಾತ್ರ. ಬಾಣವನ್ನಷ್ಟೇ ಹೊತ್ತು ಹೋದ ಮಗು ಪದವನ್ನೂ ಕಾರಣವನ್ನೂ ಒಟ್ಟಿಗೆ ಹುಡುಕಬೇಕಾಗುತ್ತದೆ, ಅದೂ ಪರಭಾಷೆಯಲ್ಲಿ. ಬಾಣವನ್ನಷ್ಟೇ ಕಲಿತವರ ಕಷ್ಟ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೂ ತಪ್ಪಿದ್ದಲ್ಲ.

ಹೆತ್ತವರು ರಸಾಯನಶಾಸ್ತ್ರವನ್ನು ಓದಿರಬೇಕಾಗಿಲ್ಲ. ಮಗು ಓದುತ್ತಿರುವಾಗ ಪಕ್ಕದಲ್ಲಿ ಕುಳಿತು ‘ಯಾಕೆ’ ಎಂದು ಕೇಳಿದರೆ ಸಾಕು. ‘ಪುಸ್ತಕದಲ್ಲಿ ಉಂಟು’ ಎಂಬ ಉತ್ತರ ಬಂದರೆ, ಯಾವ ಪುಟದಲ್ಲಿ ಎಂದು ಇನ್ನೊಮ್ಮೆ ಕೇಳಬೇಕು. ಆ ತಾಯಿ ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ. ಅವರು ಇಂಗ್ಲಿಷಿನಲ್ಲಿ ಕೇಳಲಿಲ್ಲ.

ಮಕ್ಕಳಿಗೆ ಈ ವಾರದ ಲೆಕ್ಕ: ಬ್ರೋಮಿನ್–ಬ್ರೋಮಿನ್ ಬಂಧದ ಶಕ್ತಿ 193 ಕಿಲೋಜೌಲ್, ಹೈಡ್ರೋಜನ್–ಬ್ರೋಮಿನ್ 366, ಹೈಡ್ರೋಜನ್–ಹೈಡ್ರೋಜನ್ ಮೇಲೆ ಹೇಳಿದಂತೆ 436. ಪೌಲಿಂಗರ ದಾರಿಯಲ್ಲಿ ವ್ಯತ್ಯಾಸವನ್ನು ಕಂಡುಹಿಡಿಯಿರಿ. ಉತ್ತರ 0.73ರ ಸಮೀಪ ಬರಬೇಕು. ಅನಂತರ ಗೋಡೆಯ ಮೇಲಿನ ಹಾಳೆಯಲ್ಲಿ ಬ್ರೋಮಿನ್ನಿನ ಬೆಲೆಯಿಂದ ಹೈಡ್ರೋಜನ್ನಿನ ಬೆಲೆಯನ್ನು ಕಳೆದು ಹೋಲಿಸಿ ನೋಡಿ. ಬಂದ ಉತ್ತರವನ್ನು ಮನೆಯವರಿಗೆ ವಿವರಿಸಿ ಹೇಳಿ. ಅವರಿಗೆ ಅರ್ಥವಾದರೆ ನಿಮಗೂ ಅರ್ಥವಾಗಿದೆ ಎಂದೇ ತಿಳಿಯಿರಿ.